ತಮ್ಮನ ಬಾಯಿಗೆ ಎಲ್ಲವೂ ಕಹಿ: ಕಾಯಿಲೆಯೋ, ಮಾತ್ರೆಯೋ, ಸಂಶಯವೋ?

ಪ್ರಶ್ನೆ: ಡಾಕ್ಟ್ರೇ, ನನ್ನ ತಮ್ಮನಿಗೆ 27 ವರ್ಷ. ನಾಲ್ಕು ವರ್ಷದ ಹಿಂದೆ ಸ್ಕಿಜೋಫ್ರೇನಿಯಾ ಇದೆ ಅಂತ ಗೊತ್ತಾಯಿತು. ಮಾತ್ರೆ ಶುರುವಾದ ಮೇಲೆ ಕಿವಿಯಲ್ಲಿ ಕೇಳುತ್ತಿದ್ದ ದನಿಗಳು ಹೆಚ್ಚುಕಡಿಮೆ ನಿಂತಿವೆ. ಆದರೆ ಒಂದು ವರ್ಷದಿಂದ ಊಟ ಸಪ್ಪೆ ಅಂತ ಎಲ್ಲದಕ್ಕೂ ಉಪ್ಪು ಸುರಿದುಕೊಳ್ಳುತ್ತಿದ್ದಾನೆ. ಎರಡು ತಿಂಗಳಿಂದ ಬಾಯಲ್ಲಿ ಕಬ್ಬಿಣ ನೆಕ್ಕಿದ ಹಾಗಿದೆ ಅನ್ನುತ್ತಾನೆ. ಈಗ ಎರಡು ವಾರದಿಂದ ‘ಇದರಲ್ಲಿ ಏನೋ ಹಾಕಿದ್ದೀರಿ’ ಅಂತ ತಟ್ಟೆ ತಳ್ಳುತ್ತಾನೆ. ನಾವೇ ಒಂದು ತುತ್ತು ತಿಂದು ತೋರಿಸಿದರೂ ನಂಬುವುದಿಲ್ಲ. ಸೀಲ್ ಆದ ಬಾಟಲಿ ನೀರು ಮಾತ್ರ ಕುಡಿಯುತ್ತಾನೆ. 5 ಕಿಲೋ ಇಳಿದಿದ್ದಾನೆ. ಕಾಯಿಲೆಗೆ ಒಲಾಂಜಪಿನ್, ಜೊತೆಗೆ ಟ್ರೈಹೆಕ್ಸಿಫೆನಿಡಿಲ್, ಈಚೆಗೆ ನಿದ್ದೆಗೆ ಎಸ್‌ಜೋಪಿಕ್ಲೋನ್ ಕೊಟ್ಟಿದ್ದಾರೆ. ದಿನಕ್ಕೆ ಒಂದು ಪ್ಯಾಕ್ ಸಿಗರೇಟ್ ಸೇದುತ್ತಾನೆ. ಮಾತ್ರೆಯಿಂದ ನಾಲಿಗೆ ಸತ್ತುಹೋಗಿದೆ, ನಿಲ್ಲಿಸಿಬಿಡಿ ಅನ್ನುತ್ತಾರೆ ನೆಂಟರು. ಝಿಂಕ್ ಮಾತ್ರೆ ಕೊಡಬಹುದಾ? ಇನ್ನೊಂದು ಮಾತು ಹೇಳಲೇಬೇಕು. ಅವನು ಮಾತ್ರೆ ನುಂಗದೆ ಬಿಸಾಡುತ್ತಿದ್ದಾನೆ ಅಂತ ಅನುಮಾನ ಬಂದು, ಅಮ್ಮ ಮೂರು ವಾರದಿಂದ ರಾತ್ರಿಯ ಮಾತ್ರೆಗಳನ್ನು ಪುಡಿ ಮಾಡಿ ಹಾಲಿಗೆ ಹಾಕಿ ಕೊಡುತ್ತಿದ್ದಾರೆ. ಅವನಿಗೆ ಗೊತ್ತಿಲ್ಲ. ಇದು ತಪ್ಪಾ?

ಉತ್ತರ: ನಿಮ್ಮ ಪತ್ರದ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ‘ಏನೋ ಹಾಕಿದ್ದೀರಿ’ ಅನ್ನುತ್ತಾನೆ ತಮ್ಮ. ಹಾಲಿಗೆ ನಿಜಕ್ಕೂ ಹಾಕಿದ್ದೀರಿ. ಅವನಿಗೆ ಏನು ಕಾಯಿಲೆ ಅನ್ನುವುದನ್ನು ಒಂದು ಗಳಿಗೆ ಮರೆತು ನೋಡಿ. ಈ ಒಂದು ವಿಷಯದಲ್ಲಿ ಮನೆಯಲ್ಲಿ ಸರಿಯಾಗಿ ಹೇಳುತ್ತಿರುವವನು ಅವನೊಬ್ಬನೇ.

ಅಮ್ಮನನ್ನು ಬೈಯಲು ಇದನ್ನು ಹೇಳುತ್ತಿಲ್ಲ. ಮಗ ಮತ್ತೆ ನಾಲ್ಕು ವರ್ಷದ ಹಿಂದಿನ ಸ್ಥಿತಿಗೆ ಹೋಗಿಬಿಟ್ಟರೆ ಅನ್ನುವ ಹೆದರಿಕೆಯಿಂದ ಮಾಡಿದ ಕೆಲಸ ಅದು. ನನ್ನ ಬಳಿ ಬರುವ ಮನೆಗಳಲ್ಲಿ ಇದು ಅಪರೂಪವೂ ಅಲ್ಲ. ಎಲ್ಲ ಮಾತು ಮುಗಿದು, ಎದ್ದು ಹೊರಡುವ ಹೊತ್ತಿಗೆ, ದನಿ ತಗ್ಗಿಸಿ ಹೇಳುತ್ತಾರೆ. ನೀವು ಬರೆದು ಹೇಳಿದ್ದು ಒಳ್ಳೆಯದಾಯಿತು. ಇದು ಗೊತ್ತಿಲ್ಲದೆ ನಾನು ಉತ್ತರ ಬರೆದಿದ್ದರೆ ಪೂರ್ತಿ ದಾರಿ ತಪ್ಪಿರುತ್ತಿತ್ತು.

ನೀವು ಒಂದೇ ತೊಂದರೆ ಅಂದುಕೊಂಡು ಬರೆದಿದ್ದೀರಿ. ನನಗೆ ಕಾಣುತ್ತಿರುವುದು ಮೂರು. ಒಂದು ವರ್ಷದಿಂದ ಸಪ್ಪೆ. ಎರಡು ತಿಂಗಳಿಂದ ಕಬ್ಬಿಣದ ರುಚಿ. ಎರಡು ವಾರದಿಂದ ಸಂಶಯ. ಮೂರೂ ಶುರುವಾದ ಕಾಲ ಬೇರೆ ಬೇರೆ. ಹಾಗಾಗಿ ಕಾರಣವೂ ಬೇರೆ ಇರಬಹುದು.

ಸಪ್ಪೆಯಿಂದ ಶುರು ಮಾಡೋಣ. ನಾವು ರುಚಿ ಅಂತ ಕರೆಯುವುದರಲ್ಲಿ ನಾಲಿಗೆಯ ಪಾಲು ಕಡಿಮೆ. ನಾಲಿಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ, ಜೊತೆಗೆ ಅಣಬೆ, ಟೊಮೆಟೊದಂಥವುಗಳಲ್ಲಿ ಸಿಗುವ ಉಮಾಮಿ ಅನ್ನುವ ಐದನೆಯದು. ಉಳಿದದ್ದರಲ್ಲಿ ಹೆಚ್ಚಿನದು ಮೂಗಿನ ಕೆಲಸ. ಬೇಕಾದರೆ ನೀವೇ ನೋಡಿ. ಮೂಗು ಒತ್ತಿ ಹಿಡಿದು ಹಣ್ಣಿನ ರುಚಿಯ ಒಂದು ಮಿಠಾಯಿ ಬಾಯಿಗೆ ಹಾಕಿಕೊಳ್ಳಿ. ಬರೀ ಸಿಹಿ, ಸ್ವಲ್ಪ ಹುಳಿ. ಯಾವ ಹಣ್ಣು ಅಂತ ಹೇಳಲಾಗುವುದಿಲ್ಲ. ಮೂಗು ಬಿಟ್ಟ ಕೂಡಲೇ ಕಿತ್ತಳೆಯೋ ದ್ರಾಕ್ಷಿಯೋ ಗೊತ್ತಾಗಿಬಿಡುತ್ತದೆ.

ಸ್ಕಿಜೋಫ್ರೇನಿಯಾದಲ್ಲಿ ವಾಸನೆ ಗುರುತಿಸುವ ಶಕ್ತಿ ಕಡಿಮೆಯಾಗುವುದು ಅಧ್ಯಯನದಿಂದ ಅಧ್ಯಯನಕ್ಕೆ ಮತ್ತೆ ಮತ್ತೆ ಕಂಡುಬಂದ ವಿಷಯ. ಕಾಯಿಲೆಯ ಶುರುವಿನಲ್ಲೇ, ಕೆಲವರಲ್ಲಿ ಒಂದು ಮಾತ್ರೆಯನ್ನೂ ತೆಗೆದುಕೊಳ್ಳುವ ಮುಂಚೆಯೇ, ಅದು ಇರುತ್ತದೆ. ವಾಸನೆ ಬರುತ್ತದೆ, ಆದರೆ ಯಾವುದರದು ಅಂತ ಹೊಳೆಯುವುದಿಲ್ಲ. ಹಾಗಾಗಿ ‘ಸಪ್ಪೆ’ ಅನ್ನುವ ದೂರಿನ ಒಂದು ಪಾಲು ಕಾಯಿಲೆಯದ್ದೇ ಇರಬಹುದು. ಬರೀ ನಾಲಿಗೆಯ ರುಚಿಯ ಬಗ್ಗೆ ನಡೆದ ಕೆಲಸ ಕಡಿಮೆ, ಅದರ ಫಲಿತಾಂಶವೂ ಒಂದೇ ದಿಕ್ಕಿಗಿಲ್ಲ.

ಇನ್ನೊಂದು ಪಾಲು ಎಂಜಲಿನದ್ದು. ಎಂಜಲಿನಲ್ಲಿ ಕರಗದ ಪದಾರ್ಥಕ್ಕೆ ರುಚಿಯೇ ಇಲ್ಲ. ನಾಲಿಗೆಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿಕೊಂಡು ನಾಲ್ಕು ಹರಳು ಸಕ್ಕರೆ ಇಟ್ಟುಕೊಳ್ಳಿ, ಮರಳು ಇಟ್ಟ ಹಾಗಿರುತ್ತದೆ. ಎಂಜಲು ಊರಿದ ಮೇಲೆ ಸಿಹಿ ಬರುತ್ತದೆ. ನಿಮ್ಮ ತಮ್ಮ ತೆಗೆದುಕೊಳ್ಳುವ ಟ್ರೈಹೆಕ್ಸಿಫೆನಿಡಿಲ್ ಬಾಯಿ ಒಣಗಿಸುವುದರಲ್ಲಿ ಎತ್ತಿದ ಕೈ. ಒಲಾಂಜಪಿನ್ ಕೂಡ ಸ್ವಲ್ಪ ಒಣಗಿಸುತ್ತದೆ. ಇಂಥದ್ದೇ ದೂರಿನ ಒಬ್ಬ ಹುಡುಗನ ಬಾಯಿ ನೋಡಲು ನಾನು ಮರದ ಕಡ್ಡಿ ಇಟ್ಟಾಗ ಅದು ನಾಲಿಗೆಗೆ ಅಂಟಿಕೊಂಡು, ಎತ್ತುವಾಗ ಚಟ್ ಅಂತ ಸದ್ದು ಬಂತು. ಒಳಗೆ ಕೆನ್ನೆಯ ಮೇಲೆ ಮೊಸರು ಮೆತ್ತಿದ ಹಾಗೆ ಬಿಳಿ ಪದರ. ಶಿಲೀಂಧ್ರದ ಸೋಂಕು. ಎಂಟು ತಿಂಗಳಿಂದ ಮನೆಯವರು ಅವನಿಗೆ ‘ಊಟ ಚೆನ್ನಾಗೇ ಇದೆ, ಸುಮ್ನೆ ತಿನ್ನು’ ಅನ್ನುತ್ತಿದ್ದರು. ಅಷ್ಟು ದಿನದಲ್ಲಿ ನಾನೂ ಮೂರು ಸಲ ಅವನನ್ನು ನೋಡಿದ್ದೆ. ಬಾಯಿ ತೆಗೆಸಿ ನೋಡಿರಲಿಲ್ಲ. ಮನಸ್ಸಿನ ಡಾಕ್ಟರುಗಳಾದ ನಾವು ಬಾಯಿಂದ ಬರುವ ಮಾತನ್ನು ಕೇಳುತ್ತೇವೆ, ಬಾಯಿಯನ್ನು ನೋಡುವುದಿಲ್ಲ. ಈ ತಪ್ಪು ನಮ್ಮಲ್ಲಿ ಜಾಸ್ತಿ.

ಒಲಾಂಜಪಿನ್ ಜೊತೆಗೆ ಟ್ರೈಹೆಕ್ಸಿಫೆನಿಡಿಲ್ ಇನ್ನೂ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ. ಕೈ ನಡುಕ, ಮೈ ಬಿಗಿತಕ್ಕೆ ಕೊಡುವ ಮಾತ್ರೆ ಅದು. ಒಲಾಂಜಪಿನ್‌ನಿಂದ ಈ ತೊಂದರೆ ಬರುವುದು ಹಳೆಯ ಔಷಧಗಳಿಗಿಂತ ಕಡಿಮೆ. ಹಿಂದೆ ಯಾವಾಗಲೋ ಶುರುವಾದದ್ದು ಚೀಟಿಯಿಂದ ಚೀಟಿಗೆ ನಕಲಾಗುತ್ತಾ ಉಳಿದುಬಿಟ್ಟಿರುತ್ತದೆ. ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ನಿಧಾನವಾಗಿ ಇಳಿಸಬೇಕು.

ಕಬ್ಬಿಣದ ರುಚಿಗೆ ಬರೋಣ. ಎಸ್‌ಜೋಪಿಕ್ಲೋನ್ ‘ಈಚೆಗೆ’ ಅಂತ ಬರೆದಿದ್ದೀರಿ. ಎಷ್ಟು ದಿನವಾಯಿತು ಅಂತ ಚೀಟಿ ತೆಗೆದು ನೋಡಿ. ಎರಡು ತಿಂಗಳ ಆಸುಪಾಸಿನಲ್ಲಿದ್ದರೆ ನನ್ನ ಮೊದಲ ಅನುಮಾನ ಅದರ ಮೇಲೆಯೇ. ಬಾಯಲ್ಲಿ ಕಹಿ, ಲೋಹದ ರುಚಿ ಬರುವುದಕ್ಕೆ ಅದು ಹೆಸರಾದ ಮಾತ್ರೆ. ಪ್ರಯೋಗಗಳಲ್ಲಿ ರಾತ್ರಿ 3 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ ಈ ದೂರು ಹೇಳಿದ್ದರು. ನುಂಗಿ ಮುಗಿದ ಮೇಲೂ ಹೋಗುವುದಿಲ್ಲ, ಯಾಕೆಂದರೆ ಔಷಧ ರಕ್ತದಿಂದ ಎಂಜಲಿಗೆ ಇಳಿಯುತ್ತದೆ. ಮಾರನೆಯ ದಿನವೂ ಇರಬಹುದು. ಮನಸ್ಸಿನ ಏರಿಳಿತಕ್ಕೆ ಕೊಡುವ ಲಿಥಿಯಂ, ತೂಕ ಮತ್ತು ಸಕ್ಕರೆಗೆ ಕೊಡುವ ಮೆಟ್‌ಫಾರ್ಮಿನ್, ಹೊಟ್ಟೆಯ ಸೋಂಕಿಗೆ ಕೊಡುವ ಮೆಟ್ರೊನಿಡಜೋಲ್ ಇವೂ ಹೀಗೆ ಮಾಡುತ್ತವೆ. ಇದೇ ಕಾಯಿಲೆಗೆ ಕೊಡುವ, ನಾಲಿಗೆಯಡಿ ಇಟ್ಟುಕೊಳ್ಳುವ ಅಸೆನಪಿನ್ ಅಂತೂ ಕಹಿ ಮಾತ್ರವಲ್ಲ, ಬಾಯಿಯನ್ನೇ ಸ್ವಲ್ಪ ಹೊತ್ತು ಜೋಮು ಹಿಡಿಸುತ್ತದೆ.

ಇಲ್ಲಿ ಒಂದು ಪ್ರಶ್ನೆ ತುಂಬಾ ಉಪಯೋಗಕ್ಕೆ ಬರುತ್ತದೆ. ತಮ್ಮನನ್ನು ತಣ್ಣಗೆ ಕೇಳಿ: ಏನೂ ತಿನ್ನದೆ ಇರುವಾಗಲೂ ಆ ರುಚಿ ಇರುತ್ತಾ? ನೀನೇ ಸೀಲ್ ಒಡೆದು ಕುಡಿಯುವ ನೀರಿಗೂ ಇರುತ್ತಾ? ಇರುತ್ತದೆ ಅಂದರೆ ಅದು ಬಾಯಿಯ ಅಥವಾ ರಕ್ತದಲ್ಲಿರುವ ಔಷಧದ ವಿಷಯ. ಅವನಿಗೂ ಅದು ಅರ್ಥವಾಗುವ ಸಾಧ್ಯತೆ ಇದೆ. ಮನೆಯ ಅಡಿಗೆಗೆ ಮಾತ್ರ, ಅದರಲ್ಲೂ ತನ್ನ ತಟ್ಟೆಗೆ ಮಾತ್ರ ಅಂದರೆ ಸಂಶಯದ ಪಾಲು ದೊಡ್ಡದು. ರಾತ್ರಿಯ ಹಾಲಿಗೆ ಮಾತ್ರ ಅಂದರೆ, ಕಾರಣ ನಿಮಗೇ ಗೊತ್ತು.

ಈಗ ಸಂಶಯ. ಇಲ್ಲದ ರುಚಿ ಬಾಯಿಗೆ ಬರುವುದು ಸ್ಕಿಜೋಫ್ರೇನಿಯಾದಲ್ಲಿ ಆಗುತ್ತದೆ. ಇಲ್ಲದ ದನಿ ಕೇಳುವಷ್ಟು ಸಾಮಾನ್ಯವಲ್ಲ, ಆದರೆ ಬಂದಾಗ ಹೆಚ್ಚಾಗಿ ‘ವಿಷ ಹಾಕುತ್ತಿದ್ದಾರೆ’ ಅನ್ನುವ ಗಟ್ಟಿ ನಂಬಿಕೆಯ ಕೈಹಿಡಿದೇ ಬರುತ್ತದೆ. ಕೆಲವೊಮ್ಮೆ ರುಚಿ ಮೊದಲು, ನಂಬಿಕೆ ಆಮೇಲೆ. ಬಾಯಿ ಕಹಿಯಾಗಿದೆ, ಯಾಕೆ ಅಂತ ಮನಸ್ಸು ಹುಡುಕುತ್ತದೆ. ನಿಮಗೂ ನನಗೂ ಸಿಗುವ ಉತ್ತರ ‘ನಿನ್ನೆಯ ಮಾತ್ರೆ ಇರಬೇಕು’. ಅವನ ಮನಸ್ಸಿಗೆ ಮೊದಲು ಸಿಗುವ ಉತ್ತರ ‘ಯಾರೋ ಏನೋ ಮಾಡಿದ್ದಾರೆ’. ಅವನ ನಾಲಿಗೆ ಸುಳ್ಳು ಹೇಳುತ್ತಿಲ್ಲ. ಅದಕ್ಕೆ ಅವನು ಹುಡುಕಿಕೊಂಡ ಕಾರಣ ತಪ್ಪಿರಬಹುದು. ಈ ಎರಡನ್ನೂ ಒಟ್ಟಿಗೆ ತಳ್ಳಿಹಾಕಿ ‘ನಿನಗೆ ಭ್ರಮೆ’ ಅಂದುಬಿಟ್ಟರೆ ಅವನು ಮಾತಾಡುವುದನ್ನೇ ನಿಲ್ಲಿಸುತ್ತಾನೆ.

ನೀವು ತಿಂದು ತೋರಿಸಿದ್ದು ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೂ ಉತ್ತರ ಇದರಲ್ಲೇ ಇದೆ. ‘ನಿಮಗೆ ಏನೂ ಆಗದ ಹಾಗೆ ಹಾಕಿದ್ದೀರಿ’ ಅನ್ನುವುದಕ್ಕೆ ಸಂಶಯಕ್ಕೆ ಒಂದು ಕ್ಷಣ ಸಾಕು. ಅದೂ ಅಲ್ಲದೆ, ಒಬ್ಬರ ಬಾಯಿಗೆ ಕಹಿ ಇಲ್ಲ ಅಂದರೆ ಇನ್ನೊಬ್ಬರ ಬಾಯಿಗೂ ಇಲ್ಲ ಅಂತ ಅರ್ಥವಲ್ಲ. 1931ರಲ್ಲಿ ಆರ್ಥರ್ ಫಾಕ್ಸ್ ಅನ್ನುವ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯದಲ್ಲಿ ಪಿಟಿಸಿ ಅನ್ನುವ ಪುಡಿ ಗಾಳಿಗೆ ಹಾರಿತು. ಪಕ್ಕದಲ್ಲಿದ್ದವನು ಬಾಯೆಲ್ಲ ಕಹಿ ಅಂದ. ಫಾಕ್ಸ್‌ಗೆ ಏನೂ ಗೊತ್ತಾಗಲಿಲ್ಲ. ಇಬ್ಬರೂ ಜಗಳಕ್ಕೆ ಬಿದ್ದು ಬೇರೆಯವರಿಗೂ ಕೊಟ್ಟು ನೋಡಿದರು. ಕೆಲವರಿಗೆ ಕಹಿ, ಕೆಲವರಿಗೆ ಏನೂ ಇಲ್ಲ. ಇದು ಹುಟ್ಟಿನಿಂದ ಬರುವ ವ್ಯತ್ಯಾಸ. ಅದರ ಹಿಂದಿನ ಜೀನ್ 2003ರಲ್ಲಿ ಗೊತ್ತಾಯಿತು. ಸ್ಕಿಜೋಫ್ರೇನಿಯಾ ಇರುವವರಲ್ಲಿ ಈ ಕಹಿ ಗೊತ್ತಾಗದವರು ಜಾಸ್ತಿ ಅಂತ ಕೆಲವು ಅಧ್ಯಯನಗಳು ಹೇಳಿದವು, ಬೇರೆ ಕೆಲವಕ್ಕೆ ಹಾಗೆ ಕಾಣಲಿಲ್ಲ. ಹಾಗಾಗಿ ನಾಲಿಗೆಗೆ ಏನೋ ತಾಗಿಸಿ ಕಾಯಿಲೆ ಕಂಡುಹಿಡಿಯುತ್ತೇವೆ ಅನ್ನುವವರನ್ನು ನಂಬಬೇಡಿ.

ಹಾಲಿನ ವಿಷಯ ಇನ್ನೂ ಮುಗಿದಿಲ್ಲ. ಮನುಷ್ಯನ ಬಾಯಿ ಸಿಹಿ ಕಂಡುಹಿಡಿಯಲು ಒಂದೇ ಬಗೆಯ ಗ್ರಾಹಕ, ಅಂದರೆ ರುಚಿ ಹಿಡಿಯುವ ಅಣು, ಇಟ್ಟುಕೊಂಡಿದೆ, ಕಹಿಗೆ ಸುಮಾರು 25 ಬಗೆ. ವಿಷ ತಿನ್ನದ ಹಾಗೆ ಕಾಯುವ ಕಾವಲುಗಾರರು ಅವರು. ನಮ್ಮ ಔಷಧಗಳಲ್ಲಿ ಹೆಚ್ಚಿನವು ಕಹಿ. ಮಾತ್ರೆಯ ಮೇಲೆ ಲೇಪ ಹಚ್ಚುವುದಕ್ಕೆ ಅದೂ ಒಂದು ಕಾರಣ. ಪುಡಿ ಮಾಡಿದರೆ ಲೇಪ ಹೋಯಿತು, ಪೂರ್ತಿ ಕಹಿ ಲೋಟದಲ್ಲಿ. ಎಷ್ಟು ಸಕ್ಕರೆ ಹಾಕಿದರೂ ನಾಲಿಗೆಯ ಹಿಂಭಾಗಕ್ಕೆ ತಾಗಿಯೇ ತಾಗುತ್ತದೆ. ಅಮ್ಮ ಪುಡಿ ಹಾಕಲು ಶುರುಮಾಡಿ ಮೂರು ವಾರ, ಅವನು ತಟ್ಟೆ ತಳ್ಳಲು ಶುರುಮಾಡಿ ಎರಡು ವಾರ. ಎರಡಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ. ಮಾತ್ರೆ ಬಿಟ್ಟದ್ದರಿಂದ ಕಾಯಿಲೆ ಮರುಕಳಿಸಿಯೂ ಸಂಶಯ ಬರಬಹುದು. ಆದರೆ ಉರಿಯುವ ಕಡೆ ಎಣ್ಣೆ ಸುರಿದದ್ದಂತೂ ಹೌದು.

ಇನ್ನೂ ಒಂದು ಅಪಾಯ ಇದೆ. ಅವನು ಒಂದು ದಿನ ತಾನಾಗಿಯೇ ಮಾತ್ರೆ ನುಂಗಿ, ಹಾಲೂ ಕುಡಿದರೆ ಎರಡು ಪಟ್ಟಾಗುತ್ತದೆ. ಅರ್ಧ ಕುಡಿದು ಬಿಟ್ಟರೆ ಎಷ್ಟು ಹೋಯಿತು ಅಂತ ಯಾರಿಗೂ ಗೊತ್ತಿಲ್ಲ. ಆ ಲೆಕ್ಕವಿಲ್ಲದೆ ಡಾಕ್ಟರು ಪ್ರಮಾಣ ಬದಲಿಸುವುದೆಂದರೆ ಕಣ್ಣು ಕಟ್ಟಿಕೊಂಡು ನಡೆದ ಹಾಗೆ. ಇನ್ನು ತೂಕ. ಒಲಾಂಜಪಿನ್ ಹಸಿವು ಹೆಚ್ಚಿಸುವ ಔಷಧ, ಅದನ್ನು ತೆಗೆದುಕೊಳ್ಳುವವರ ತೂಕ ಸಾಮಾನ್ಯವಾಗಿ ಏರುತ್ತದೆ. ಇವನದು 5 ಕಿಲೋ ಇಳಿದಿದೆ. ಹೆದರಿ ತಿನ್ನುತ್ತಿಲ್ಲ, ಇಲ್ಲವೇ ಔಷಧ ಸರಿಯಾಗಿ ಒಳಗೆ ಹೋಗುತ್ತಿಲ್ಲ, ಇಲ್ಲವೇ ದೇಹದಲ್ಲಿ ಬೇರೇನೋ ಆಗಿದೆ. ಮೂರನ್ನೂ ನೋಡಬೇಕು.

ಹಾಗಾದರೆ ಇವತ್ತಿಂದ ಏನು ಮಾಡುವುದು? ಡಾಕ್ಟರಿಗೆ ಫೋನ್ ಮಾಡಿ, ಪುಡಿಯ ವಿಷಯ ಮುಚ್ಚಿಡದೆ ಹೇಳಿ, ಈ ವಾರದಲ್ಲೇ ಕರೆದುಕೊಂಡು ಹೋಗಿ. ಕದ್ದು ಬೆರೆಸುವುದು ನಿಲ್ಲಬೇಕು, ಆದರೆ ಔಷಧವೇ ಇಲ್ಲದ ದಿನಗಳು ಬರಬಾರದು. ಅದಕ್ಕೇ ಡಾಕ್ಟರ ಜೊತೆ ಮಾತಾಡಿ ನಿಲ್ಲಿಸಿ ಅನ್ನುತ್ತಿದ್ದೇನೆ. ಅವನಿಗೆ ನಿಜ ಹೇಳಬೇಕಾ? ನನ್ನ ಅಭಿಪ್ರಾಯದಲ್ಲಿ ಹೇಳಬೇಕು. ಜಗಳದ ನಡುವೆ ಬೇಡ, ಡಾಕ್ಟರ ಎದುರಿಗೆ, ಅಮ್ಮನ ಬಾಯಿಂದಲೇ. ‘ನೀನು ಮಾತ್ರೆ ಬಿಟ್ಟೆ ಅಂತ ಹೆದರಿ ಹಾಲಿಗೆ ಹಾಕಿದೆ, ಬೇರೆ ಏನೂ ಹಾಕಿಲ್ಲ, ಇನ್ನು ಹಾಕುವುದಿಲ್ಲ.’ ಅವನು ಸಿಟ್ಟಾಗುತ್ತಾನೆ. ಸ್ವಲ್ಪ ದಿನ ಮನೆಯ ಊಟ ಬಿಡಲೂಬಹುದು. ಈಗಲೇ ಹೇಳಬೇಡಿ, ಸಂಶಯ ಇಳಿಯಲಿ ಅನ್ನುವ ಸಹೋದ್ಯೋಗಿಗಳೂ ನನಗಿದ್ದಾರೆ. ಅವನ ಸ್ಥಿತಿ ಕಣ್ಣಾರೆ ನೋಡುವ ಡಾಕ್ಟರೇ ಹೊತ್ತು ಗೊತ್ತು ಮಾಡಲಿ. ಆದರೆ ತಾನಾಗಿಯೇ ಕಂಡುಹಿಡಿದರೆ ಆಗುವ ಪೆಟ್ಟು ಇದಕ್ಕಿಂತ ದೊಡ್ಡದು, ಅದನ್ನು ನಾನು ನೋಡಿದ್ದೇನೆ.

ಮಾತ್ರೆ ನುಂಗುವುದೇ ಕಷ್ಟ ಅಂತಾದರೆ ಬೇರೆ ದಾರಿಗಳಿವೆ. ಬಾಯಲ್ಲಿ ಕರಗುವ ಒಲಾಂಜಪಿನ್ ಸಿಗುತ್ತದೆ. ಕೆನ್ನೆಯೊಳಗೆ ಅಡಗಿಸಿ ಉಗಿಯುವುದಕ್ಕೆ ಆಗುವುದಿಲ್ಲ, ಆದರೆ ಅದನ್ನೂ ಅವನಿಗೆ ಹೇಳಿಯೇ ಕೊಡಬೇಕು. ತಿಂಗಳಿಗೊಮ್ಮೆ ಚುಚ್ಚುವ ಪಾಲಿಪೆರಿಡೋನ್‌ನಂಥ ಇಂಜೆಕ್ಷನ್ ಇದೆ. ಮನೆಯಲ್ಲಿ ದಿನಾ ಮಾತ್ರೆಯ ಪೊಲೀಸ್ ಕೆಲಸ ತಪ್ಪುತ್ತದೆ, ನನಗೆ ಅದರ ದೊಡ್ಡ ಲಾಭ ಇದೇ ಅನ್ನಿಸುತ್ತದೆ. ಆದರೆ ಪ್ರೊಲ್ಯಾಕ್ಟಿನ್ ಅನ್ನುವ ಹಾರ್ಮೋನು ಏರಬಹುದು, ಲೈಂಗಿಕ ತೊಂದರೆ ಬರಬಹುದು. ಒಮ್ಮೆ ಚುಚ್ಚಿದ್ದನ್ನು ವಾಪಸ್ ತೆಗೆಯಲಾಗುವುದಿಲ್ಲ. ಹಾಗಾಗಿ ಅದೇ ಜಾತಿಯ ಮಾತ್ರೆ ಒಗ್ಗುತ್ತದಾ ಅಂತ ಮೊದಲು ನೋಡುತ್ತಾರೆ. ಒಲಾಂಜಪಿನ್‌ಗೂ ಅಂಥ ಇಂಜೆಕ್ಷನ್ ಇದೆ. ಅಪರೂಪಕ್ಕೆ ವಿಪರೀತ ಮಂಪರು ಬರುವುದರಿಂದ ಚುಚ್ಚಿದ ಮೇಲೆ ಮೂರು ಗಂಟೆ ಅಲ್ಲೇ ಕೂರಬೇಕು.

ನೆಂಟರ ಮಾತಿಗೆ ಉತ್ತರ: ನಾಲಿಗೆ ಸತ್ತಿಲ್ಲ. ರುಚಿ ಹಿಡಿಯುವ ಜೀವಕೋಶಗಳು ಹೆಚ್ಚುಕಡಿಮೆ ಹತ್ತು ದಿನ, ಎರಡು ವಾರಕ್ಕೆಲ್ಲ ಹೊಸದಾಗಿ ಹುಟ್ಟುತ್ತಿರುತ್ತವೆ. ಕಾರಣವಾದ ಔಷಧ ಬದಲಾದರೆ ಸಾಮಾನ್ಯವಾಗಿ ರುಚಿ ಮರಳುತ್ತದೆ. ರುಚಿಗೋಸ್ಕರ ಮುಖ್ಯ ಔಷಧವನ್ನೇ ನಿಲ್ಲಿಸಿದರೆ ಮರಳುವುದು ದನಿಗಳು. ಝಿಂಕ್ ಕೊರತೆ ಇದ್ದರೆ ರುಚಿ ಕೆಡುವುದು ನಿಜ, ಬಿ12 ಕೊರತೆಯಲ್ಲಿ ನಾಲಿಗೆ ಉರಿಯುವುದೂ ನಿಜ. ರಕ್ತ ಪರೀಕ್ಷೆ ಮಾಡಿಸಿ, ಕೊರತೆ ಇದ್ದರೆ ಕೊಡಿ. ಸುಮ್ನೆ ತಿಂಗಳುಗಟ್ಟಲೆ ಜಾಸ್ತಿ ಝಿಂಕ್ ಕೊಟ್ಟರೆ ದೇಹದ ತಾಮ್ರ ಇಳಿದು ರಕ್ತಹೀನತೆ, ನರದ ತೊಂದರೆ ಬರುತ್ತದೆ. ಅದೂ ಅಲ್ಲದೆ, ಇನ್ನೊಂದು ಗುರುತಿಲ್ಲದ ಮಾತ್ರೆಯನ್ನು ಈ ಹೊತ್ತಿನಲ್ಲಿ ಅವನ ಮುಂದೆ ಇಡುವುದು ನನಗೆ ಸರಿ ಕಾಣುವುದಿಲ್ಲ.

ಸಿಗರೇಟ್ ಬಗ್ಗೆ ಒಂದು ಎಚ್ಚರ. ಅದು ರುಚಿ, ವಾಸನೆ ಎರಡನ್ನೂ ಮಂಕು ಮಾಡುತ್ತದೆ, ಬಿಟ್ಟರೆ ಒಳ್ಳೆಯದೇ. ಆದರೆ ಹೊಗೆಯಲ್ಲಿರುವ ಪದಾರ್ಥಗಳು ಒಲಾಂಜಪಿನ್ ಅನ್ನು ಯಕೃತ್ತು ಬೇಗ ಕರಗಿಸುವ ಹಾಗೆ ಮಾಡುತ್ತವೆ. ದಿಢೀರ್ ನಿಲ್ಲಿಸಿದರೆ ಕೆಲವೇ ದಿನದಲ್ಲಿ ರಕ್ತದಲ್ಲಿ ಔಷಧದ ಮಟ್ಟ ಏರಿ, ಮಂಪರು ಜಾಸ್ತಿಯಾಗುತ್ತದೆ. ಇದೇ ಕಾಯಿಲೆಯ ಇನ್ನೊಂದು ಔಷಧ ಕ್ಲೋಜಪಿನ್‌ಗೂ ಹೀಗೇ. ಬಿಡುವ ಮುಂಚೆ ಡಾಕ್ಟರಿಗೆ ಹೇಳಲಿ.

ದಂತವೈದ್ಯರ ಹತ್ತಿರ ಒಮ್ಮೆ ಹೋಗಿಬನ್ನಿ. ಒಣ ಬಾಯಲ್ಲಿ ಹಲ್ಲು ಬೇಗ ಹುಳುಕಾಗುತ್ತದೆ, ಒಸಡು ಕೀವಾಗಿ ಕಹಿ ಬರುತ್ತದೆ. ಬಾಯಿ ಒಣಗಿದಾಗ ಸಿಹಿ ಮಿಠಾಯಿ, ಕೋಲಾ ಬೇಡ. ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಗುಟುಕು ಗುಟುಕಾಗಿ ನೀರು ಸಾಕು. ಬಾಯಿ ಒಣಗುತ್ತದೆ ಅಂತ ದಿನವಿಡೀ ಬಾಟಲಿಗಟ್ಟಲೆ ನೀರು ಕುಡಿಯುವ ಅಭ್ಯಾಸ ಈ ಕಾಯಿಲೆಯಲ್ಲಿ ಕೆಲವರಿಗೆ ಬರುತ್ತದೆ. ರಕ್ತದ ಸೋಡಿಯಂ ಇಳಿದು ವಾಂತಿ, ಗೊಂದಲ, ಫಿಟ್ಸ್ ಬರಬಹುದು. ಎಷ್ಟು ಬಾಟಲಿ ಖಾಲಿಯಾಗುತ್ತದೆ ಅಂತ ಒಂದು ಕಣ್ಣಿಡಿ.

ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳೂ ಇವೆ. ನೀರೂ ಕುಡಿಯುವುದನ್ನು ನಿಲ್ಲಿಸಿದರೆ. ವಿಷ ಹಾಕುವವರು ಇಂಥವರೇ ಅಂತ ಬೆರಳು ತೋರಿಸಿ, ಅವರಿಗೆ ಏನಾದರೂ ಮಾಡುತ್ತೇನೆ ಅಂದರೆ. ಜ್ವರದ ಜೊತೆ ಮೈ ಮರದ ಹಾಗೆ ಬಿಗಿದರೆ. ಕೆಟ್ಟ ರುಚಿ ಅರ್ಧ ನಿಮಿಷ, ಒಂದು ನಿಮಿಷ ಮಾತ್ರ ಬಂದು ಹೋಗುತ್ತಿದ್ದು, ಆಗ ಅವನು ಮಂಕಾಗಿ ನೋಡುತ್ತಾ ನಿಲ್ಲುವುದು, ತುಟಿ ಚಪ್ಪರಿಸುವುದು ಕಂಡರೆ ಅಷ್ಟು ಗಾಬರಿ ಬೇಡ. ಆದರೆ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳಿ. ಅದು ಒಂದು ಬಗೆಯ ಮೂರ್ಛೆರೋಗವಾಗಿರಬಹುದು, ಅದರ ಚಿಕಿತ್ಸೆಯೇ ಬೇರೆ.

ಅಲ್ಲಿಯವರೆಗೆ ಊಟದ ಹೊತ್ತಿನ ವಾದ ನಿಲ್ಲಿಸಿ. ‘ವಿಷ ಇಲ್ಲ’ ಅಂತ ಸಾಬೀತು ಮಾಡಲು ಹೋಗಬೇಡಿ, ‘ಇರಬಹುದು’ ಅಂತಲೂ ತಲೆಯಾಡಿಸಬೇಡಿ. ‘ಬಾಯೆಲ್ಲ ಕಹಿ ಆಗ್ತಿದೆ ಅಲ್ವಾ, ಹಾಗಿದ್ರೆ ತಿನ್ನೋದು ಕಷ್ಟವೇ’ ಅಂದರೆ ಸಾಕು. ಎಲ್ಲರಿಗೂ ಒಂದೇ ಪಾತ್ರೆಯಿಂದ ಬಡಿಸಿ, ಅವನೇ ಹಾಕಿಕೊಳ್ಳಲಿ. ತಾನೇ ಸುಲಿದು ತಿನ್ನುವ ಬಾಳೆಹಣ್ಣು, ಬೇಯಿಸಿದ ಮೊಟ್ಟೆ ಇಂಥವನ್ನು ಸಂಶಯ ಇರುವವರೂ ಹೆಚ್ಚಾಗಿ ತಿನ್ನುತ್ತಾರೆ. ಬಿಸಿ ಊಟಕ್ಕಿಂತ ತಣ್ಣಗಿನದರಲ್ಲಿ ಲೋಹದ ರುಚಿ ಕಡಿಮೆ ಕಾಡುತ್ತದೆ ಅನ್ನುವವರೂ ಇದ್ದಾರೆ. ಅವನಿಗೂ ಹಾಗೇನಾ ಅಂತ ಅವನನ್ನೇ ಕೇಳಿ. ಅಮ್ಮ ಹಾಲು ಕೊಡುವುದನ್ನೂ ಬಿಡಬೇಕಿಲ್ಲ. ಪೊಟ್ಟಣ ಅವನೇ ಕತ್ತರಿಸಲಿ, ಅವನೇ ಕಾಯಿಸಿಕೊಳ್ಳಲಿ. ಲೋಟವನ್ನೂ ಅವನೇ ತೊಳೆದುಕೊಳ್ಳಲಿ.